ಕಂದಿಗೆ ತಿರುಗಿದ ಕಲ್ಲು

ನಮ್ಮ ಸಣ್ಣತ್ತೆಗೆ ಮನೆಯವರೆಲ್ಲ ಸೇರಿ ಇಟ್ಟ ಹೆಸರು ಭೂತಗನ್ನಡಿ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಅಷ್ಟು ಧೈರ್ಯ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ. ಊಟಕ್ಕೆ ಕರೆದರೆ ಮೊದಲು ತಟ್ಟೆಯ ಅಂಚು ನೋಡುವಳು. ಮದುವೆಗೆ ಹೋದರೆ ಮದುಮಗಳ ಮುಖಕ್ಕಿಂತ ಮುಂಚೆ ಕಿವಿಯ ಕಲ್ಲು ನೋಡುವಳು. ನನ್ನ ಮೊದಲ ಸಂಬಳದಲ್ಲಿ ನಾನು ಹೆಮ್ಮೆಯಿಂದ ಕೊಂಡ ಹಳೆಯ ಕೈಗಡಿಯಾರವನ್ನು ಹತ್ತು ಸೆಕೆಂಡು ತಿರುಗಿಸಿ ನೋಡಿ, "ಗಾಜು ಬದಲಾಯಿಸಿದಾರೆ, ಮುಳ್ಳೂ ಬದಲಾಯಿಸಿದಾರೆ. ಯಾರು ನಿನ್ನ ತಲೆಗೆ ಕಟ್ಟಿದ್ದು ಇದನ್ನ?" ಎಂದಳು. ಆಮೇಲೆ ನಾನು ಆ ಗಡಿಯಾರ ಕಟ್ಟಿಲ್ಲ. ಅದಕ್ಕೆ ಅವಳನ್ನು ಇನ್ನೂ ಪೂರ್ತಿ ಕ್ಷಮಿಸಿಯೂ ಇಲ್ಲ.

ಅವಳು ಹಳೆಯ ಆಭರಣಗಳನ್ನು ರಿಪೇರಿ ಮಾಡುವವಳು. ಬೀಗ ರಿಪೇರಿಯವನ ಅಂಗಡಿಯ ಮೇಲೆ, ಕಡಿದಾದ ಮೆಟ್ಟಿಲು ಹತ್ತಿ ಹೋಗುವ ಒಂದು ಅಂಗಡಿಯಲ್ಲಿ ಮೂವತ್ನಾಲ್ಕು ವರ್ಷದಿಂದ ಅದೇ ಮೇಜು, ಅದೇ ಸ್ಟೂಲು. ಉತ್ತರದ ಕಿಟಕಿಯ ಪಕ್ಕ ಮೇಜು. ಮೇಜಿನ ಕೆಳಗೆ ತೊಡೆಯ ಮೇಲೆ ಬೀಳುವ ಹಾಗೆ ಒಂದು ಚರ್ಮದ ಜೋಳಿಗೆ, ಕೈತಪ್ಪಿದ ಕಲ್ಲು ಅದರಲ್ಲಿ ಬೀಳಲಿ ಅಂತ. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆ, "ನೋಡಿದೆ. ಎಲ್ಲದರಲ್ಲೂ ಬಿರುಕು ಇತ್ತು" ಎನ್ನುತ್ತಿದ್ದಳು. ನಾನು ಅದೇ ಅಂಗಡಿಯಲ್ಲಿ ಬಂದ ಒಡವೆಗಳ ಫೋಟೋ ತೆಗೆದು, ಚೀಟಿ ಬರೆದು ಅಂಟಿಸುತ್ತೇನೆ. ನನ್ನ ಮೇಜು ಅವಳ ಬೆನ್ನ ಹಿಂದೆ. ದಿನಕ್ಕೆ ಎಂಟು ಗಂಟೆ ಅವಳ ಬೆನ್ನು ನೋಡುವುದು ನನ್ನ ಹಣೆಬರಹ.

ಎಲ್ಲ ಕಲ್ಲುಗಳಲ್ಲಿ ಅವಳಿಗೆ ಜಿರ್ಕಾನ್ ಅಂದರೆ ಪ್ರಾಣ. ಲ್ಯಾಬಿನಲ್ಲಿ ತಯಾರಾಗುವ ಜಿರ್ಕೋನಿಯಾ ಬೇರೆ, ಮಣ್ಣಿನಲ್ಲಿ ಹುಟ್ಟುವ ಜಿರ್ಕಾನ್ ಬೇರೆ. ಗಿರಾಕಿಗಳು ಎರಡನ್ನೂ ಒಂದೇ ಮಾಡಿ, "ಓ, ಡೂಪ್ಲಿಕೇಟ್ ವಜ್ರಾನಾ?" ಎಂದರೆ ಮುಗಿಯಿತು.

"ಡೂಪ್ಲಿಕೇಟಂತೆ ಡೂಪ್ಲಿಕೇಟು! ಈ ಭೂಮಿ ಮೇಲೆ ಮನುಷ್ಯ ಅನ್ನೋನು ಹುಟ್ಟೋಕೆ ಮುಂಚೆಯಿಂದ ಇರೋ ಕಲ್ಲಿದು. ಇದಕ್ಕೆ ನೀವೇ ಡೂಪ್ಲಿಕೇಟು" ಎಂದು ಸದಾ ಕುತ್ತಿಗೆಯಲ್ಲಿ ನೇತಾಡುವ ಲೆನ್ಸನ್ನು ಅವರ ಕಣ್ಣಿಗೇ ಹಿಡಿಯುವಳು. ಸ್ವಲ್ಪ ಓರೆಯಾಗಿ ನೋಡಿದರೆ ಕಲ್ಲಿನ ಹಿಂಬದಿಯ ಅಂಚುಗಳು ಒಂದೊಂದೂ ಎರಡೆರಡಾಗಿ ಕಾಣುತ್ತವೆ. ವಜ್ರದಲ್ಲಿ ಹಾಗೆ ಕಾಣುವುದಿಲ್ಲ. ಹಿಂದಿನ ಕಾಲದಲ್ಲಿ ಬಣ್ಣವಿಲ್ಲದ ಜಿರ್ಕಾನನ್ನು ವಜ್ರದ ಜಾಗದಲ್ಲಿ ಕೂರಿಸುತ್ತಿದ್ದರಂತೆ, ಅಷ್ಟು ಹೊಳಪು ಅದಕ್ಕೆ. ಸತ್ತವರ ನೆನಪಿಗೆ ಮಾಡಿಸಿದ ಒಡವೆಗಳಲ್ಲಿ ಹೊಗೆಬಣ್ಣದ, ಕಂದುಬಣ್ಣದ ಕಲ್ಲುಗಳು. ನೂರು ವರ್ಷದ ಹಿಂದೆ ಇದ್ದಕ್ಕಿದ್ದಂತೆ ನೀಲಿಯ ಹುಚ್ಚು ಹತ್ತಿತು. ಆ ನೀಲಿ ಕಲ್ಲುಗಳಲ್ಲಿ ಹೆಚ್ಚಿನವು ನೆಲದಿಂದ ನೀಲಿಯಾಗಿ ಬಂದವಲ್ಲ. ಕಂದು ಕಲ್ಲುಗಳನ್ನು ಮುಚ್ಚಿದ ಮಡಕೆಯಲ್ಲಿಟ್ಟು ಕುಲುಮೆಯಲ್ಲಿ ಕಾಯಿಸಿ ಅವನ್ನು ನೀಲಿ ಮಾಡುತ್ತಿದ್ದರು. ಇದನ್ನೆಲ್ಲ ಅವಳು ಎಷ್ಟು ಸಲ ಹೇಳಿದ್ದಾಳೆಂದರೆ ನನ್ನನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸಬಲ್ಲೆ.

ಕಲ್ಲು ಚೆಲುವೆ, ಆದರೆ ಮಹಾ ಮುಂಗೋಪಿ. ನಾಲ್ಕು ಕಲ್ಲು ಒಂದೇ ಪೊಟ್ಟಣದಲ್ಲಿ ಕಟ್ಟಿದರೆ ಒಂದಕ್ಕೊಂದು ತಾಗಿ ಅಂಚು ಸವೆಯುತ್ತದೆ, ಬೆಂಕಿ ಜೋರಾಗಿ ತಗುಲಿದರೆ ಒಡೆಯುತ್ತದೆ. ಅದಕ್ಕೇ ಸಣ್ಣತ್ತೆ ಜಿರ್ಕಾನ್ ಇರುವ ಒಡವೆಯ ಹತ್ತಿರ ಗ್ಯಾಸಿನ ಉರಿ ತಂದವಳಲ್ಲ. ಇಬ್ಬರದೂ ಒಂದೇ ಸ್ವಭಾವ, ಅದಕ್ಕೇ ಹೊಂದಿಕೊಂಡಿದ್ದಾರೆ ಅಂತ ಅಪ್ಪ ಹೇಳುತ್ತಿದ್ದರು.

ಇದು ಹನ್ನೊಂದು ವರ್ಷದ ಹಿಂದಿನ ಮಾತು. ನಮ್ಮ ಅಜ್ಜಿಗೆ, ಅಂದರೆ ಅಪ್ಪನ ತಾಯಿಗೆ, ಒಂದು ಉಂಗುರ ಇತ್ತು. ಅವರ ಅಮ್ಮನಿಂದ ಬಂದದ್ದು, ನಡುವೆ ಒಂದು ನೀಲಿ ಜಿರ್ಕಾನ್. ಪಾತ್ರೆ ತೊಳೆಯುವಾಗಲೂ ಅಜ್ಜಿ ಅದನ್ನು ಬಿಚ್ಚುತ್ತಿರಲಿಲ್ಲ. ಸಾಯುವ ಮುಂಚೆ ಅದನ್ನು ದೊಡ್ಡ ಮಗಳಿಗೆ, ನಮ್ಮ ದೊಡ್ಡತ್ತೆಗೆ ಕೊಟ್ಟರು. ಸಣ್ಣತ್ತೆಗೆ ಹೊಲಿಗೆ ಯಂತ್ರ ಬಂತು. ಅದಕ್ಕೆ ಅವಳು ಬೇಸರ ಮಾಡಿಕೊಳ್ಳಲಿಲ್ಲ, ಇದನ್ನು ನಾನು ಒತ್ತಿ ಹೇಳಬೇಕು. ಅಕ್ಕತಂಗಿಯರು ದಿನಕ್ಕೆ ಎರಡು ಸಲ ಫೋನ್ ಮಾಡಿಕೊಳ್ಳುತ್ತಿದ್ದ ಜೀವಗಳು.

ಅಜ್ಜಿ ಹೋಗಿ ಎರಡು ತಿಂಗಳಾಗಿತ್ತು. ಅಪ್ಪನ ಅರವತ್ತನೇ ಹುಟ್ಟುಹಬ್ಬಕ್ಕೆ ಮನೆ ತುಂಬ ಜನ. ದೊಡ್ಡತ್ತೆ ಉಂಗುರ ಬಿಚ್ಚಿ ತಂಗಿಯ ಅಂಗೈಗೆ ಹಾಕಿ, "ಯಾಕೋ ಮಂಕಾಗಿದೆ ಕಣೇ, ಸೋಪು ಕೂತಿರಬೇಕು. ಸ್ವಲ್ಪ ತೊಳೆದು ಕೊಡು" ಎಂದಳು.

ಸಣ್ಣತ್ತೆ ಕುತ್ತಿಗೆಯ ಲೆನ್ಸ್ ಕಣ್ಣಿಗೆ ಹಿಡಿದಳು. ಹಿಂದೆ ಮುಂದೆ ನೋಡಿದಳು. ಕಲ್ಲು ಜಿರ್ಕಾನೇ, ಅಂಚುಗಳು ಜೋಡಿಯಾಗಿಯೇ ಕಾಣುತ್ತಿದ್ದವು. ಆದರೆ ಬಣ್ಣ ಕೊಳಕು ಕಂದು. ಕೊಳೆ ಮೇಲೆ ಕೂತಿರಲಿಲ್ಲ, ಕಲ್ಲೇ ಕಂದು.

ಅವಳ ಮನಸ್ಸಿನಲ್ಲಿ ಏನು ಓಡಿತು ಅಂತ ನನಗೆ ಗೊತ್ತು. ದೊಡ್ಡತ್ತೆಯ ಗಂಡ, ನಮ್ಮ ಮಾವ, ಹಳೆಯ ಸಾಮಾನು ಕೊಂಡು ಮಾರುವವರು. ಹರಾಜು ಮನೆಯಲ್ಲಿ ಅವರ ನಗು ಬೀದಿಗೆ ಕೇಳಿಸುತ್ತಿತ್ತು. ಹಿಂದಿನ ವಾರವಷ್ಟೇ ಅವರು ಯಾರದೋ ಮನೆ ಖಾಲಿ ಮಾಡುವಾಗ ಸಿಕ್ಕ, ಸೆರಗಿಗೆ ಚುಚ್ಚಿಕೊಳ್ಳುವ ಒಂದು ಬ್ರೋಚನ್ನು ರಿಪೇರಿಗೆ ತಂದುಕೊಟ್ಟಿದ್ದರು. ಅದರಲ್ಲಿ ಏಳು ಕಂದು ಜಿರ್ಕಾನ್ ಇರಬೇಕಿತ್ತು, ಆರೇ ಇದ್ದವು. ಖಾಲಿಯಿದ್ದ ಗೂಡು ಹೆಚ್ಚುಕಮ್ಮಿ ಅಜ್ಜಿಯ ಕಲ್ಲಿನ ಅಳತೆಯದೇ.

ತಲೆಯೆತ್ತಿ, ಅಷ್ಟೂ ಜನರ ಮುಂದೆ ಕೇಳಿದಳು: "ಭಾವ, ನಮ್ಮಮ್ಮನ ಕಲ್ಲು ಎಲ್ಲಿ?"

ಮಾವ ತಮಾಷೆ ಅಂದುಕೊಂಡು ನಕ್ಕರು. ಅದೇ ತಪ್ಪಾಯಿತು.

"ನಗಬೇಡಿ. ನೀಲಿ ತೆಗೆದು ಕಂದು ಕೂರಿಸಿದೀರಿ. ನನ್ನ ಕಣ್ಣಿಗೆ ಮಣ್ಣೆರಚೋಕೆ ನೋಡ್ತೀರಾ?"

ಮಾತಿಗೆ ಮಾತು ಬೆಳೆಯಿತು. ದೊಡ್ಡತ್ತೆ, "ನನ್ನ ಬೆರಳಿಂದ ಇಳಿದೇ ಇಲ್ಲ ಕಣೇ ಇದು, ಅಮ್ಮನ ಆಣೆ" ಎಂದು ಅಂಗಲಾಚಿದಳು. "ಹಾಗಾದ್ರೆ ನೀನೂ ಸೇರಿದೀಯ" ಎಂದಳು ಇವಳು. ದೊಡ್ಡತ್ತೆ ಉಂಗುರ ಕಿತ್ತುಕೊಂಡು ಬೆರಳಿಗೆ ತೂರಿಸಿ, ಮಾವನ ತೋಳು ಹಿಡಿದು ಹೊರಟುಹೋದಳು. ಕೇಕು ಕತ್ತರಿಸದೆ ಹಾಗೇ ಉಳಿಯಿತು.

ನಾವು ಯಾರೂ ಮಾವನ ಪರ ಒಂದು ಮಾತಾಡಲಿಲ್ಲ. ಇದನ್ನು ಹೇಳಲು ನನಗೆ ನಾಚಿಕೆ, ಆದರೂ ಹೇಳುತ್ತೇನೆ. ಭೂತಗನ್ನಡಿ ನೋಡಿ ಹೇಳಿದ ಮೇಲೆ ಮುಗಿಯಿತು, ಮೇಲ್ಮನವಿ ಇಲ್ಲ. ಆ ಮಾತು ಮನೆಯೊಳಗೂ ನಿಲ್ಲಲಿಲ್ಲ. ಬಂದವರಲ್ಲಿ ಯಾರೋ ಯಾರಿಗೋ ಹೇಳಿ, ತಿಂಗಳೊಳಗೆ ಹರಾಜು ಮನೆಗೆ ತಲುಪಿತು. ಹೆಂಡತಿಯ ಉಂಗುರದ ಕಲ್ಲನ್ನೇ ಬದಲಾಯಿಸಿದವನ ಕೈಗೆ ಯಾರು ಒಡವೆ ಕೊಡುತ್ತಾರೆ? ಮಾವ ಒಡವೆ ವ್ಯಾಪಾರ ಬಿಟ್ಟರು. ಗೋಡೆ ಗಡಿಯಾರ, ಮುರಿದ ಕುರ್ಚಿಗಳಲ್ಲೇ ಕಾಲ ಹಾಕಿದರು. ಆಮೇಲೆ ಕಣ್ಣಿನ ಒತ್ತಡದ ಕಾಯಿಲೆ ಬಂದು, ನಾಲ್ಕು ವರ್ಷದಲ್ಲಿ ದೃಷ್ಟಿ ಪೂರ್ತಿ ಹೋಯಿತು.

ಅಕ್ಕತಂಗಿಯರ ನಡುವೆ ಮಾತು ನಿಂತದ್ದು ನಿಂತೇಹೋಯಿತು. ನಾನು ಎರಡೂ ಕಡೆ ಹೋಗಿ ಬರುತ್ತಿದ್ದೆ, ಇಲ್ಲಿಯ ಸುದ್ದಿ ಅಲ್ಲಿ, ಅಲ್ಲಿಯದು ಇಲ್ಲಿ ಹೇಳಬಾರದು ಎಂಬ ಷರತ್ತಿನ ಮೇಲೆ.

ಆ ಜಗಳದಿಂದ ಸಣ್ಣತ್ತೆಗೆ ಒಂದು ಅಭ್ಯಾಸ ಹತ್ತಿತು. "ಅಮ್ಮ ಬದುಕಿದ್ದಾಗ ಆ ಕಲ್ಲಿಗೆ ಒಂದು ಸಲಾನೂ ಲೆನ್ಸ್ ಹಿಡೀಲಿಲ್ಲ. ಊರೋರ ಕಲ್ಲೆಲ್ಲ ನೋಡಿದೆ, ಅಮ್ಮನ ಕೈಯಲ್ಲಿರೋದನ್ನ ಯಾರು ಪರೀಕ್ಷೆ ಮಾಡ್ತಾರೆ ಅಂತ ಬಿಟ್ಟೆ" ಎಂದು ಕೊರಗುವಳು. ಅದಾದ ಮೇಲೆ ರಿಪೇರಿಗೆ ಬಂದ ಪ್ರತಿಯೊಂದು ಕಲ್ಲಿನ ಚಿತ್ರ ಬರೆದಿಡಲು ಶುರುಮಾಡಿದಳು. ಸೂಜಿಮೊನೆಯಂಥ ಪೆನ್ಸಿಲ್ ಹಿಡಿದು ಒಳಗಿನ ಚುಕ್ಕೆ, ಕೂದಲಿನಂಥ ಗೆರೆ, ಮೂಲೆಯ ಚಿಟಿಕೆ ಒಡಕು, ಎಲ್ಲವನ್ನೂ. ಹನ್ನೊಂದು ವರ್ಷಕ್ಕೆ ಹದಿನಾರು ಪುಸ್ತಕ. ಮತ್ತೆಂದೂ ಯಾರೂ ಕಲ್ಲು ಬದಲಾಯಿಸಿ ತಪ್ಪಿಸಿಕೊಳ್ಳಬಾರದು ಅಂತ.

ಈ ವರ್ಷದ ಆರಂಭದಲ್ಲಿ ಒಬ್ಬ ಸಂಗೀತದ ಟೀಚರು ಒಂದು ನೀಲಿ ಜಿರ್ಕಾನ್ ಪದಕ ತಂದರು. ಹಿಂಬದಿಯ ತೆಳ್ಳಗಿನ ತಗಡು ಸಡಿಲವಾಗಿತ್ತು. ಬೆಸುಗೆ ಹಾಕಬೇಕೆಂದರೆ ಉರಿ ಬೇಕು, ಉರಿ ಹಾಕಿದರೆ ಕಲ್ಲು ಹೋಗುತ್ತದೆ. ಆ ತಿಂಗಳು ಅಂಗಡಿಗೆ ಹೊಸದೊಂದು ಅಂಟು ಬಂದಿತ್ತು. ಹಚ್ಚಿ ನೇರಳೆ ಬೆಳಕಿನ ಪುಟ್ಟ ಪೆಟ್ಟಿಗೆಯಲ್ಲಿಟ್ಟರೆ ಹತ್ತು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಬಿಸಿಯೇ ಇಲ್ಲ. ಸಣ್ಣತ್ತೆ ಹೊಸದನ್ನು ಸುಲಭಕ್ಕೆ ಮುಟ್ಟುವವಳಲ್ಲ. ಆದರೆ ಇದು ಜಿರ್ಕಾನಿಗೆಂದೇ ಹೇಳಿ ಮಾಡಿಸಿದ ಹಾಗಿದೆ ಅಂತ ಒಪ್ಪಿದಳು. ಎಂದಿನಂತೆ ಮೊದಲು ಚಿತ್ರ ಬರೆದಳು. ನಾನು ಫೋಟೋ ತೆಗೆದೆ. ಅಂಟು ಹಚ್ಚಿ ಪೆಟ್ಟಿಗೆಯಲ್ಲಿಟ್ಟಳು. ಗಟ್ಟಿಯಾಗಲಿ ಅಂತ ಇನ್ನೂ ಹತ್ತು ನಿಮಿಷ ಹೆಚ್ಚಿಗೇ ಬಿಟ್ಟಳು.

ತೆಗೆದಾಗ ಕಲ್ಲು ಕಂದು.

"ಏಯ್, ಬಾ ಇಲ್ಲಿ" ಎಂದಳು. ಆ ದನಿ ನಾನು ಮೊದಲು ಕೇಳಿರಲಿಲ್ಲ. ಹೋಗಿ ನೋಡಿದೆ. ಅದೇ ಪದಕ, ಅದೇ ಚಿನ್ನ, ನಡುವೆ ಹಳೆಯ ಚಹಾದ ಬಣ್ಣದ ಒಂದು ಕಲ್ಲು. "ಅಯ್ಯೋ, ಟೀಚರಿಗೆ ಏನು ಹೇಳೋದೀಗ?" ಎಂದೆ.

ಅವಳು ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. ಪುಸ್ತಕ ಎಳೆದುಕೊಂಡು ಚಿತ್ರಕ್ಕೂ ಕಲ್ಲಿಗೂ ಹೋಲಿಸಿದಳು. ಎಡಕ್ಕೆ ಎರಡು ಚುಕ್ಕೆ, ಇದೆ. ಅಂಚಿನ ಹತ್ತಿರ ಬಾಗಿದ ಗೆರೆ, ಇದೆ. ಕೆಳಗಿನ ಮೂಲೆಯಲ್ಲಿ ಉಗುರು ತಾಗಿಸಿದಂಥ ಒಡಕು, ಅದೂ ಇದೆ. ಮೂರು ಸಲ ನೋಡಿದಳು. ಆಮೇಲೆ ಲೆನ್ಸನ್ನು ಮೇಜಿನ ಮೇಲಿಟ್ಟು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಳು.

"ಅದೇ ಕಲ್ಲು" ಎಂದಳು. ಆಮೇಲೆ ಕೇಳಿದಳು, "ಅಕ್ಕ ಉಗುರಿನ ದೀಪ ತಂದಿದ್ದು ಯಾವಾಗ?"

ಆಗ ನನಗೆ ಹೊಳೆಯಿತು. ದೊಡ್ಡತ್ತೆ ಮನೆಯ ಮುಂದಿನ ಕೋಣೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಅಜ್ಜಿ ಸತ್ತ ಮರುತಿಂಗಳು ಉಗುರಿಗೆ ಬಣ್ಣ ಹಚ್ಚಿ ನೇರಳೆ ದೀಪದಲ್ಲಿ ಒಣಗಿಸುವ ಯಂತ್ರ ತಂದಿದ್ದಳು. ಕಲಿಯಲು ವಾರಗಟ್ಟಲೆ ತನ್ನ ಉಗುರಿನ ಮೇಲೇ ಪ್ರಯೋಗ ಮಾಡಿದ್ದಳು. ಬೆರಳಲ್ಲಿ ಅಜ್ಜಿಯ ಉಂಗುರ. ಅದು ಅವಳ ಬೆರಳಿಂದ ಇಳಿಯುತ್ತಲೇ ಇರಲಿಲ್ಲವಲ್ಲ.

"ನಾನು ಅವರನ್ನ ಕಳ್ಳ ಅಂದೆ ಕಣೇ" ಎಂದಳು ಸಣ್ಣತ್ತೆ. "ಎಲ್ಲರ ಮುಂದೆ ಅಂದೆ."

ಅವಳಿಗೆ ಈ ಕೆಲಸ ಕಲಿಸಿದ ಮುದುಕರು ಇನ್ನೂ ಬದುಕಿದ್ದರು, ತೊಂಬತ್ತರ ಹತ್ತಿರ. ಅವರಿಗೆ ಫೋನ್ ಮಾಡಿದಳು. ಸ್ಪೀಕರಿನಲ್ಲಿ ಅವರ ನಗು ಕೆಮ್ಮಾಗಿ ಕೇಳಿಸಿತು. "ಬಿಸಿಲಿರೋ ಕಿಟಕೀಲಿ ನೀಲಿ ಕಲ್ಲಿಡಬೇಡ ಅಂತ ಮೊದಲನೇ ವರ್ಷವೇ ಹೇಳಿದ್ನಲ್ಲಮ್ಮ. ನಿನ್ನ ದೀಪ ಅದೇ ಕೆಲಸ ಬೇಗ ಮಾಡಿದೆ, ಅಷ್ಟೆ. ಗಾಬರಿ ಬೇಡ. ಹಳೇ ಕಾಲದ ತಂತಿ ಬಲ್ಬ್ ಇರುತ್ತಲ್ಲ, ಹಳದಿ ಬೆಳಕಿಂದು, ಅದರ ಕೆಳಗೆ ಒಂದು ಗೇಣು ದೂರ ಇಡು. ವಾಪಸ್ ಬರುತ್ತೆ. ಉರಿಗೆ ಮಾತ್ರ ಹಿಡೀಬೇಡ ಮಾರಾಯ್ತಿ."

ತಂತಿ ಬಲ್ಬ್ ಹುಡುಕಲು ಹೊರಟರೆ ಅದೇ ಒಂದು ಕಥೆ. ನಾಲ್ಕು ಅಂಗಡಿಯವರು ನಮ್ಮನ್ನು ಮ್ಯೂಸಿಯಮ್ಮಿಗೆ ಹೋಗಿ ಎಂದರು. ಕೊನೆಗೆ ಸಿಕ್ಕಿದ್ದು ಸಾಕುಪ್ರಾಣಿಗಳ ಅಂಗಡಿಯಲ್ಲಿ, ಕೋಳಿಮರಿಗಳಿಗೆ ಶಾಖ ಕೊಡುವ ಬಲ್ಬ್. "ಎಷ್ಟು ಮರಿ ಇದಾವೆ?" ಎಂದು ಅಂಗಡಿಯವನು ಕೇಳಿದ. "ಒಂದೇ. ವಯಸ್ಸು ನೂರು" ಎಂದಳು ಸಣ್ಣತ್ತೆ. ಅವನು ಚಿಲ್ಲರೆ ಕೊಡುವುದನ್ನೇ ಮರೆತ.

ಟೀಚರ ಪದಕ ಮಧ್ಯಾಹ್ನದಿಂದ ಸಂಜೆಯೊಳಗೆ ಮತ್ತೆ ನೀಲಿಯಾಯಿತು. ಅವರಿಗೆ ನಡೆದದ್ದೆಲ್ಲ ಹೇಳಿ, ಬಿಸಿಲಲ್ಲಿ ಇಡಬೇಡಿ ಅಂತ ಚೀಟಿ ಬರೆದು ಕೊಟ್ಟಳು.

ಮರುದಿನವೇ ಅಕ್ಕನ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಒಂದು ದಿನ ತಲೆನೋವು, ಒಂದು ದಿನ ಕೆಲಸ ಬಾಕಿ. ಮೂರನೇ ದಿನ ಪಾಲಿಶ್ ಆಗಿದ್ದ ಸರವನ್ನೇ ಮತ್ತೆ ಪಾಲಿಶ್ ಮಾಡುತ್ತ ಕೂತಳು. ನಾನು ಆ ಬೆನ್ನನ್ನು ನೋಡಿ ನೋಡಿ ರೇಗಿದೆ. "ಮಾತಾಡೋವಾಗ ಒಂದು ನಿಮಿಷ ಯೋಚನೆ ಮಾಡಲಿಲ್ಲ, ಈಗ ನಾಲ್ಕು ದಿನ ಬೇಕಾ? ಮಾವಂಗೆ ಎಪ್ಪತ್ತಾರು" ಎಂದೆ. ನನ್ನ ಜನ್ಮದಲ್ಲಿ ಅವಳ ಮೇಲೆ ದನಿಯೇರಿಸಿದ್ದು ಅದೇ ಮೊದಲು. ಅವಳು ಸರ ಕೆಳಗಿಟ್ಟಳು. ಬಲ್ಬನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಎದ್ದಳು.

ದೊಡ್ಡತ್ತೆ ಬಾಗಿಲು ತೆರೆದವಳು ತಂಗಿಯನ್ನು ನೋಡಿ ಅಲ್ಲೇ ನಿಂತಳು. ಎಡಗೈ ಉಂಗುರದ ಬೆರಳಲ್ಲಿ ಅದೇ ಕಂದು ಕಲ್ಲು.

"ಇನ್ನೂ ಹಾಕ್ಕೊಂಡಿದೀಯಾ ಅಕ್ಕಾ?"

"ಬಿಚ್ಚಿದ್ರೆ ನೀನು ಹೇಳಿದ್ದು ನಿಜ ಅಂತಾಗ್ತಿತ್ತು" ಎಂದಳು ದೊಡ್ಡತ್ತೆ. "ಏನು ಬಂದೆ? ಇನ್ನೇನಾದ್ರೂ ಕಳುವಾಗಿದ್ಯಾ?"

"ಒಂದು ಮಧ್ಯಾಹ್ನ ಕೊಡು ಅದನ್ನ. ನಿನ್ನ ಎದುರಿಗೇ ಇಟ್ಕೋತೀನಿ. ಮುಟ್ಟೋದೂ ಇಲ್ಲ."

ಪಾರ್ಲರಿನ ಮೂಲೆಯಲ್ಲಿದ್ದ ಟೇಬಲ್ ಲ್ಯಾಂಪಿಗೆ ಬಲ್ಬ್ ಹಾಕಿದೆವು. ಉಂಗುರವನ್ನು ದೊಡ್ಡತ್ತೆಯೇ ಒಂದು ತಟ್ಟೆಯಲ್ಲಿ ಇಟ್ಟಳು. ಸಣ್ಣತ್ತೆ ಕೈಯಿಂದ ಗೇಣು ಅಳೆದು ದೂರ ಸರಿಮಾಡಿ, ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಳು. ದೊಡ್ಡತ್ತೆ ತನ್ನ ಪಾಡಿಗೆ ಬಂದವರ ಹುಬ್ಬು ತಿದ್ದಿದಳು, ಕೂದಲು ಕತ್ತರಿಸಿದಳು. ಒಳಕೋಣೆಯಿಂದ ಗಡಿಯಾರಗಳ ಸದ್ದು ಬರುತ್ತಿತ್ತು. ಮಾವ ಈಗಲೂ ಅವಕ್ಕೆಲ್ಲ ಕೈತಡವಿ ಕೀಲಿ ಕೊಡುತ್ತಾರೆ.

ಎರಡು ಗಂಟೆಯ ಹೊತ್ತಿಗೆ ಕಲ್ಲಿನ ಕಂದು ತಿಳಿಯಾಗತೊಡಗಿತು. ನಾಲ್ಕರ ಹೊತ್ತಿಗೆ ಬಣ್ಣವೇ ಇಲ್ಲದ ಹಾಗೆ ಕಂಡಿತು. ಐದಕ್ಕೆ ನೀಲಿ ಮೂಡಿತು. ದೊಡ್ಡತ್ತೆ ಕೈಲಿದ್ದ ಕತ್ತರಿಯನ್ನು ಗಿರಾಕಿಯ ಮಡಿಲಲ್ಲೇ ಇಟ್ಟು ಬಂದು ಬಗ್ಗಿ ನೋಡಿದಳು.

"ಅಮ್ಮಂದು" ಎಂದಳು. ಆಮೇಲೆ ಅತ್ತಳು, ಜೋರಾಗಿಯೇ ಅತ್ತಳು. ಅರ್ಧ ಕೂದಲು ಕತ್ತರಿಸಿಕೊಂಡಿದ್ದ ಆ ಗಿರಾಕಿ, ಪಾಪ, ಏನೂ ತಿಳಿಯದೆ ತಾನೂ ಕಣ್ಣೊರೆಸಿಕೊಂಡಳು. ಸಣ್ಣತ್ತೆ ದೀಪದ ವಿಷಯ ಹೇಳಿದಳು. ದೊಡ್ಡತ್ತೆ ಕೇಳಿದಳು, ತಂಗಿಯ ಭುಜಕ್ಕೆ ಒಂದು ಗುದ್ದು ಕೊಟ್ಟಳು, ಇನ್ನೊಂದು ಕೊಟ್ಟಳು. "ನನಗಲ್ಲ ನೀನು ಹೇಳಬೇಕಾದ್ದು. ಒಳಗೆ ನಡಿ" ಎಂದಳು.

ಮಾವ ಕಿಟಕಿಯ ಪಕ್ಕ ಒಂದು ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸಣ್ಣತ್ತೆ ಉಂಗುರ ಅವರ ಅಂಗೈಯಲ್ಲಿಟ್ಟಳು. "ನೋಡಿ ಭಾವ" ಎಂದವಳು ನಾಲಿಗೆ ಕಚ್ಚಿಕೊಂಡಳು.

"ನನಗೆಲ್ಲಿ ಕಾಣುತ್ತಮ್ಮ" ಎಂದರು ಮಾವ. "ನೀನೇ ಹೇಳು. ನಿನ್ನ ಕಣ್ಣೇ ಅಲ್ವಾ ನಮ್ಮನೇಲಿ ಕಣ್ಣು ಅಂದ್ರೆ."

"ಕಲ್ಲು ನೀಲಿ ಇದೆ ಭಾವ. ಆ ನೇರಳೆ ದೀಪದ ಬೆಳಕು ಬಿದ್ದಾಗ ಒಳಗೆ..."

"ಕಲ್ಲಿನ ವಿಷಯ ಬಿಡು."

ಸಣ್ಣತ್ತೆ ನೆಲದ ಮೇಲೆ ಕೂತುಬಿಟ್ಟಳು. "ನೀವು ಕದ್ದಿರಲಿಲ್ಲ. ನಾನೇ ತಪ್ಪು ನೋಡಿದೆ. ಹನ್ನೊಂದು ವರ್ಷ ನಿಮ್ಮನ್ನ ಕಳ್ಳ ಮಾಡಿ ಕೂರಿಸಿದೆ. ನನ್ನ ತಪ್ಪು ಭಾವ."

ಮಾವ ಉಂಗುರವನ್ನು ಬೆರಳಲ್ಲಿ ತಿರುಗಿಸುತ್ತ ಇದ್ದರು. "ಅವತ್ತು ನೀನು ಹೇಳಿದಾಗ ಎಷ್ಟು ಜನ ಇದ್ರು?"

"ಇಪ್ಪತ್ತೆರಡು" ಎಂದಳು. ಅವಳಿಗೆ ಲೆಕ್ಕ ನೆನಪಿತ್ತು.

"ಈಗ?"

ಅವಳು ನಮ್ಮ ಕಡೆ ನೋಡಿದಳು. ದೊಡ್ಡತ್ತೆ, ನಾನು. "ಇಬ್ಬರು."

ಮಾವ ಉಂಗುರ ಹೆಂಡತಿಗೆ ಕೊಟ್ಟು, ಗಡಿಯಾರಕ್ಕೆ ಕೀಲಿ ಕೊಡಲು ಶುರುಮಾಡಿದರು.

ಮಾರನೆಯ ಬೆಳಿಗ್ಗೆ ಸಣ್ಣತ್ತೆ ಕಲ್ಲಿನ ಪುಸ್ತಕದಲ್ಲಿ ಹೊಸ ಹಾಳೆ ತೆರೆದು, ಅಪ್ಪನ ಹುಟ್ಟುಹಬ್ಬಕ್ಕೆ ಬಂದಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಬರೆದಳು. ಮೂವರು ಸತ್ತಿದ್ದರು, ಅವರ ಮಕ್ಕಳನ್ನು ಬರೆದುಕೊಂಡಳು. ಆರು ವಾರ, ಸಿಕ್ಕಿದ ರಜೆಯಲ್ಲೆಲ್ಲ ಮನೆ ಮನೆಗೆ ಹೋದಳು. ಫೋನಿನಲ್ಲಿ ಹೇಳಲು ಒಪ್ಪಲಿಲ್ಲ. ಕೆಲವರಿಗೆ ಜಗಳವೇ ಮರೆತಿತ್ತು. ಅವರಿಗೆ ಮೊದಲು ನೆನಪು ಮಾಡಿಕೊಟ್ಟು ಆಮೇಲೆ ತಪ್ಪೊಪ್ಪಿಕೊಂಡು ಬಂದಳು. ಒಬ್ಬ ಚಿಕ್ಕಪ್ಪ, "ಹೋಗ್ಲಿ ಬಿಡಮ್ಮ, ಹಳೇ ಮಾತು" ಎಂದದ್ದಕ್ಕೆ, "ಬಿಡೋಕೆ ನಿಮ್ಮದಲ್ಲ ಅದು" ಎಂದು ಅವರ ಮೇಲೂ ರೇಗಿದಳು. ತಪ್ಪೊಪ್ಪಿಕೊಳ್ಳುವುದನ್ನೂ ಜಗಳದ ದನಿಯಲ್ಲೇ ಮಾಡಲು ಅವಳಿಗೆ ಮಾತ್ರ ಸಾಧ್ಯ.

ಕೊನೆಗೆ ಉಳಿದದ್ದು ಹರಾಜು ಮನೆ. ಅದು ಪಟ್ಟಿಯಲ್ಲಿ ಇರಲಿಲ್ಲ, ಅವಳೇ ಸೇರಿಸಿಕೊಂಡಳು. ಹೋದ ಶನಿವಾರ ಬೆಳಿಗ್ಗೆ ಮಾವನನ್ನು ಕೈಹಿಡಿದು ಕರೆತಂದಳು, ಇನ್ನೊಂದು ಪಕ್ಕದಲ್ಲಿ ದೊಡ್ಡತ್ತೆ. ಮಾವ ಆ ಬಾಗಿಲು ದಾಟಿ ವರ್ಷಗಳಾಗಿದ್ದವು. ಕುರ್ಚಿಗಳಲ್ಲಿ ನಲವತ್ತು ಐವತ್ತು ವ್ಯಾಪಾರಿಗಳು, ಕೆಲವರ ತಲೆ ಪೂರ್ತಿ ನರೆತಿತ್ತು. ಹರಾಜು ಕೂಗುವವನನ್ನು ಕೇಳಿಕೊಂಡು ಸಣ್ಣತ್ತೆ ಮುಂದೆ ಹೋಗಿ ನಿಂತಳು. ಅವಳ ಕುತ್ತಿಗೆಯಲ್ಲಿ ಲೆನ್ಸ್ ಇರಲಿಲ್ಲ, ನಾನು ಅದನ್ನು ಗಮನಿಸಿದೆ.

"ಇವರು ನಮ್ಮ ಭಾವ" ಎಂದಳು. "ಉಂಗುರದ ಕಲ್ಲು ಬದಲಾಯಿಸಿದ್ರು ಅಂತ ಇವರ ಮೇಲೆ ಮಾತು ಬಂತಲ್ಲ, ಆ ಮಾತು ಆಡಿದ್ದು ನಾನು. ಅದು ಸುಳ್ಳು."

ಮಾವ ಬಿಳಿಕೋಲನ್ನು ನೆಲಕ್ಕೆ ಒಂದು ಸಲ ಕುಟ್ಟಿದರು.

"ಸ್ವಲ್ಪ ಜೋರಾಗಿ ಹೇಳಮ್ಮ" ಎಂದರು. "ಹಿಂದೆ ಕೂತೋರಿಗೆ ಕೇಳಿಸ್ತಾ ಇಲ್ಲ."